ನೋಡುತ್ತಾ ನಿಂತವರ ಕಾಲು ಪಾಲು

ಶಾಲೆಯ ಮೈದಾನದ ಮೂಲೆಯಲ್ಲಿ ನಾಲ್ವರು ಹುಡುಗರು ಒಬ್ಬನನ್ನು ಸುತ್ತುವರಿದು, ಅವನ ಚೀಲವನ್ನು ಕಸಿದುಕೊಂಡು ಒಬ್ಬರ ಕೈಯಿಂದ ಒಬ್ಬರ ಕೈಗೆ ಎಸೆಯುತ್ತಿದ್ದಾರೆ. ಅವನು ಅಳುಮುಖ ಮಾಡಿಕೊಂಡು ಅತ್ತಿಂದಿತ್ತ ಓಡುತ್ತಿದ್ದಾನೆ. ಸುತ್ತಲೂ ಇಪ್ಪತ್ತು ಮಂದಿ ನಿಂತು ನೋಡುತ್ತಿದ್ದಾರೆ. ಕೆಲವರು ನಗುತ್ತಿದ್ದಾರೆ, ಕೆಲವರು ನಗುತ್ತಿಲ್ಲ. ಯಾರೂ ಮುಂದೆ ಬರುವುದಿಲ್ಲ. ಇಲ್ಲಿ ತಪ್ಪಿತಸ್ಥರು ಎಷ್ಟು ಮಂದಿ? ನಾಲ್ವರೇ? ಇಪ್ಪತ್ತನಾಲ್ವರೇ? ಗಂಟೆ ಬಾರಿಸುವವರೆಗೂ ಆ ಕಡೆ ತಲೆಹಾಕದ ದೊಡ್ಡವರನ್ನು ಯಾವ ಲೆಕ್ಕದಲ್ಲಿ ಸೇರಿಸಬೇಕು?

ಈ ಪ್ರಶ್ನೆಯನ್ನು ಸಂಘದ ಸದಸ್ಯ ಬಾಂಧವರ ಮುಂದೆ ಇಡಬೇಕೆನಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಮನಶ್ಶಾಸ್ತ್ರ ಬಲ್ಲವನಲ್ಲ, ಉಪಾಧ್ಯಾಯನೂ ಅಲ್ಲ. ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಇರುವವನು. ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳ ತಂದೆ. ನಮ್ಮ ಈ ಚೆನ್ನೈ ನಗರದಲ್ಲಿ ನನ್ನಂಥ ಹೊರನಾಡ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಅಂಕಗಳ ಬಗ್ಗೆ ನಡೆಯುವಷ್ಟು ಮಾತುಕತೆ, ಶಾಲೆಯಲ್ಲಿ ಅವರು ಪಡುವ ಪಾಡಿನ ಬಗ್ಗೆ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ.

ಮೊದಲು ಈ ಕೆಲಸಕ್ಕೆ ಹೆಸರೇನು ಎಂದು ನೋಡೋಣ. ಇಂಗ್ಲಿಷಿನವರು ‘ಬುಲ್ಲಿಯಿಂಗ್’ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ‘ಪೀಡನೆ’ ಎಂದು ಬರೆಯಬಹುದು. ಆದರೆ ನಮ್ಮ ಮನೆಮಾತಿನಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಸರಿಯಾದ ಮಾತೊಂದಿದೆ: ‘ಗೋಳು ಹೊಯ್ದುಕೊಳ್ಳುವುದು.’ ರೇಗಿಸುವುದು, ಕೀಟಲೆ, ಚೇಷ್ಟೆ ಇವೆಲ್ಲ ಬೇರೆ. ರೇಗಿಸಿದಾಗ ಇಬ್ಬರೂ ನಗಬಹುದು. ಇವತ್ತು ಅವನು ರೇಗಿಸಿದರೆ ನಾಳೆ ಇವನು ರೇಗಿಸುತ್ತಾನೆ. ಗೋಳು ಹೊಯ್ದುಕೊಂಡಾಗ ನಗುವುದು ಒಂದು ಪಕ್ಷ, ಅಳುವುದು ಯಾವಾಗಲೂ ಇನ್ನೊಂದು ಪಕ್ಷ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹುಟ್ಟಿದ್ದೇ ಇದಕ್ಕಾಗಿ.

ಈ ವಿಷಯವನ್ನು ಜಗತ್ತಿನಲ್ಲಿ ಮೊದಲು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಪ್ರಮುಖರು ನಾರ್ವೆ ದೇಶದಲ್ಲಿ ದುಡಿದ ಡಾನ್ ಓಲ್ವೇಯುಸ್ ಎಂಬ ಮನಶ್ಶಾಸ್ತ್ರಜ್ಞರು. 1970ರ ದಶಕದಲ್ಲೇ ಇದಕ್ಕೆ ಕೈಹಾಕಿದ ಅವರು 2020ರಲ್ಲಿ ತೀರಿಕೊಂಡರು. ಅವರು ಹೇಳಿದ ಲಕ್ಷಣಗಳು ಮೂರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಅಂತರವಿರುವುದು. ಇಬ್ಬರು ಸಮಬಲದ ಹುಡುಗರು ಕ್ರಿಕೆಟ್ ಆಟದಲ್ಲಿ ‘ಔಟು’, ‘ನಾಟೌಟು’ ಎಂದು ಕೈಕೈ ಮಿಲಾಯಿಸಿದರೆ ಅದು ಜಗಳ. ಅದನ್ನೂ ಬಿಡಿಸಬೇಕು, ಆದರೆ ಅದು ಸಂಜೆಗೆ ಮುಗಿಯುತ್ತದೆ. ಗೋಳು ಹೊಯ್ದುಕೊಳ್ಳುವುದು ಸಂಜೆಗೆ ಮುಗಿಯುವುದಿಲ್ಲ. ಮರುದಿನ ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಮತ್ತೆ ಕಾದಿರುತ್ತದೆ. ಬಲದ ಅಂತರವೆಂದರೆ ಬರೀ ತೋಳಿನ ಬಲವಲ್ಲ. ಹಣ, ಜಾತಿ, ಭಾಷೆ, ಬಣ್ಣ, ತಲೆ ಎಣಿಕೆ, ತರಗತಿಯಲ್ಲಿರುವ ಹೆಸರು ಎಲ್ಲವೂ ಬಲವೇ. ನಾಲ್ವರು ಒಟ್ಟಾಗಿ ಒಬ್ಬಳೊಡನೆ ಮಾತು ಬಿಟ್ಟರೆ, ಒಂದು ಏಟೂ ಬೀಳದೆಯೇ ಆ ಹುಡುಗಿಗೆ ಶಾಲೆ ನರಕವಾಗುತ್ತದೆ.

ಇದು ಎಲ್ಲೋ ಅಪರೂಪಕ್ಕೆ ನಡೆಯುವುದಲ್ಲವೇ ಎನ್ನುವವರಿದ್ದಾರೆ. ಯುನೆಸ್ಕೋ ಸಂಸ್ಥೆ ಅನೇಕ ದೇಶಗಳ ಅಂಕಿಸಂಖ್ಯೆ ಸೇರಿಸಿ 2019ರಲ್ಲಿ ಹೊರತಂದ ವರದಿಯ ಪ್ರಕಾರ, ಸುಮಾರು ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದ್ದರು. ಒಂದು ಬೆಂಚಿನಲ್ಲಿ ಮೂವರು ಕೂತಿದ್ದಾರೆ ಎಂದು ಎಣಿಸಿ ನೋಡಿ. ಅಪರೂಪವೆನ್ನುವ ಮಾತು ನಿಲ್ಲುವುದಿಲ್ಲ.

ಇನ್ನು ತಪ್ಪಿತಸ್ಥರ ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಗುಮಾಸ್ತನಿಗೆ ಪ್ರೀತಿ. ಈ ಲೆಕ್ಕವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಹಾಕಿಟ್ಟಿದ್ದಾರೆ. ಮಹಾಭಾರತದ ಸಭಾಪರ್ವವನ್ನು ನೆನೆಯಿರಿ. ದ್ರೌಪದಿಯನ್ನು ತುಂಬಿದ ಸಭೆಗೆ ಎಳೆತಂದಿದ್ದಾರೆ. ಭೀಷ್ಮ, ದ್ರೋಣರಂಥವರು ತಲೆ ತಗ್ಗಿಸಿ ಕುಳಿತಿದ್ದಾರೆ. ಆಗ ವಿದುರನು ಪ್ರಹ್ಲಾದನ ಕಾಲದ ಒಂದು ಹಳೆಯ ಕಥೆಯನ್ನು ಎತ್ತಿ, ಸಭೆಯಲ್ಲಿ ನಡೆದ ಅಧರ್ಮದ ಪಾಪ ಹೇಗೆ ಹಂಚಿಹೋಗುತ್ತದೆಂದು ತಿಳಿಸುತ್ತಾನೆ. ಅರ್ಧ ಪಾಪ ಸಭೆಯ ಹಿರಿಯನಿಗೆ. ಕಾಲು ಪಾಲು ಮಾಡಿದವನಿಗೆ. ಉಳಿದ ಕಾಲು ಪಾಲು ಖಂಡಿಸದೆ ಸುಮ್ಮನೆ ಕುಳಿತ ಸಭಿಕರಿಗೆ.

ಈ ಲೆಕ್ಕ ನಮ್ಮ ಸಾಮಾನ್ಯ ತಿಳುವಳಿಕೆಯನ್ನು ತಲೆಕೆಳಗು ಮಾಡುತ್ತದೆ. ನಾವಾದರೆ ಮುಕ್ಕಾಲು ಪಾಲಿಗೂ ಹೆಚ್ಚು ಮಾಡಿದವನ ತಲೆಗೇ ಕಟ್ಟುತ್ತಿದ್ದೆವು. ಇಲ್ಲಿ ಹೆಚ್ಚಿನ ಭಾರವೆಲ್ಲ ತಡೆಯಬಹುದಾಗಿದ್ದೂ ತಡೆಯದವನ ಮೇಲೆ ಬಿದ್ದಿದೆ. ನೋಡುತ್ತಾ ಕುಳಿತವರ ಪಾಲು ಮಾಡಿದವನ ಪಾಲಿಗೆ ಸರಿಸಮನಾಗಿದೆ. ಇದು ಕಠೋರವೆನಿಸಬಹುದು. ಆದರೆ ಶಾಲೆಯ ಮಟ್ಟಿಗೆ ಇದು ಎಷ್ಟು ಸರಿಯೆಂಬುದನ್ನು ಇಂದಿನ ವಿಜ್ಞಾನವೂ ಬೇರೆ ದಾರಿಯಿಂದ ಹೋಗಿ ಕಂಡುಕೊಂಡಿದೆ.

ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾನಿಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಎಂಬ ಪ್ರಾಧ್ಯಾಪಿಕೆ ಮತ್ತು ಅವರ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಪ್ರಸಂಗದಲ್ಲಿ ಮಕ್ಕಳು ವಹಿಸುವ ಪಾತ್ರಗಳು ಎರಡಲ್ಲ, ಆರು ಎಂದು ತೋರಿಸಿದರು. ಕಾಡುವವನು, ಕಾಡಿಸಿಕೊಳ್ಳುವವನು ಇದ್ದೇ ಇರುತ್ತಾರೆ. ಕಾಡುವವನಿಗೆ ಕೈಜೋಡಿಸುವವರು, ಪಕ್ಕದಲ್ಲಿ ನಿಂತು ನಕ್ಕು ಹುರಿದುಂಬಿಸುವವರು, ನನಗೇಕೆಂದು ದೂರ ಸರಿಯುವವರು, ನೊಂದವನ ಪಕ್ಷ ವಹಿಸುವವರು, ಇವರು ಉಳಿದ ನಾಲ್ಕು ಬಗೆ. ಎಂದರೆ ಇದು ಇಬ್ಬರ ನಡುವಿನ ವ್ಯವಹಾರವಲ್ಲ, ತರಗತಿಯಿಡೀ ಸೇರಿ ಆಡುವ ನಾಟಕ. ಪ್ರೇಕ್ಷಕರಿಲ್ಲದ ನಾಟಕವನ್ನು ಯಾರೂ ಬಹಳ ದಿನ ಆಡುವುದಿಲ್ಲ. ಕಾಡುವ ಹುಡುಗನಿಗೆ ಬೇಕಾಗಿರುವುದು ಎದುರಿನವನ ಚೀಲವಲ್ಲ. ಸುತ್ತ ನಿಂತವರ ನಗು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ‘ಕ್ರಿಯಾವರ್ಧಕ’ ಎಂಬ ವಸ್ತುವಿನ ಬಗ್ಗೆ ಕಲಿತಿದ್ದೆವು. ಅದು ತಾನು ಖರ್ಚಾಗದೆ, ಇತರ ವಸ್ತುಗಳ ನಡುವಣ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ನೋಡುತ್ತಾ ನಿಂತ ಮಕ್ಕಳು ಮೊದಲ ನೋಟಕ್ಕೆ ಹಾಗೆಯೇ ಕಾಣುತ್ತಾರೆ. ಆದರೆ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಕ್ರಿಯಾವರ್ಧಕ ಕೊನೆಗೂ ಇದ್ದಂತೆಯೇ ಉಳಿಯುತ್ತದೆ. ನೋಡಿದ ಮಗು ಇದ್ದಂತೆ ಉಳಿಯುವುದಿಲ್ಲ. ಮೊದಲ ದಿನ ಹೊಟ್ಟೆ ಹಿಂಡಿದಂತಾಗುತ್ತದೆ, ಹತ್ತನೆಯ ದಿನ ಅಭ್ಯಾಸವಾಗುತ್ತದೆ, ಇಪ್ಪತ್ತನೆಯ ದಿನ ‘ಅವನು ಇರುವುದೇ ಹಾಗೆ, ಅನುಭವಿಸಲಿ’ ಎಂಬ ಮಾತು ಬಾಯಿಗೆ ಬರುತ್ತದೆ. ಅನ್ಯಾಯ ಕಂಡು ಸುಮ್ಮನಿರುವ ವಿದ್ಯೆಯನ್ನು ಹದಿನಾಲ್ಕನೆಯ ವಯಸ್ಸಿಗೇ ಕಲಿತವನು, ನಲವತ್ತನೆಯ ವಯಸ್ಸಿನಲ್ಲಿ ಕಚೇರಿಯಲ್ಲಿ, ರೈಲಿನಲ್ಲಿ, ಬೀದಿಯಲ್ಲಿ ಅದನ್ನು ಚೆನ್ನಾಗಿಯೇ ಬಳಸುತ್ತಾನೆ.

ಈಗ ಮೊಬೈಲ್ ಬಂದು ಪ್ರೇಕ್ಷಕರ ಸಂಖ್ಯೆ ಏರಿದೆ. ಮೈದಾನದಲ್ಲಿ ಇಪ್ಪತ್ತು ಮಂದಿ ನೋಡುತ್ತಿದ್ದುದನ್ನು ವಾಟ್ಸಾಪ್ ಗುಂಪುಗಳಲ್ಲಿ ಇನ್ನೂರು ಮಂದಿ ನೋಡುತ್ತಾರೆ. ಒಬ್ಬಳ ಫೋಟೋವನ್ನು ವಿಕಾರ ಮಾಡಿ ಹಾಕಿದವನು ಒಬ್ಬ. ನಗುವ ಮುಖದ ಚಿಹ್ನೆ ಒತ್ತಿದವರು ಮೂವತ್ತು ಮಂದಿ. ಮುಂದಕ್ಕೆ ಕಳಿಸಿದವರು ಹತ್ತು ಮಂದಿ. ‘ನಾನೇನು ಮಾಡಿದೆ, ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂದು ಪ್ರತಿಯೊಬ್ಬನೂ ಹೇಳಬಲ್ಲ. ಹಿಂದೆ ನಾಲ್ಕು ಗಂಟೆಗೆ ಗಂಟೆ ಬಾರಿಸಿದರೆ ನೊಂದ ಮಗುವಿಗೆ ಮನೆಯೆಂಬ ಆಶ್ರಯವಿತ್ತು. ಈಗ ಹಿಂಸೆ ಅದರ ದಿಂಬಿನ ಪಕ್ಕದಲ್ಲೇ ಮಿಣುಕುತ್ತಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ನ್ಯಾಯವಾದ ಆಕ್ಷೇಪಣೆಯೇ. ಹದಿನಾಲ್ಕು ವರ್ಷದ ಹುಡುಗನಿಗೆ ಅಷ್ಟು ದೊಡ್ಡ ಹೊರೆ ಹೊರಿಸಬಹುದೇ? ಅಡ್ಡ ಹೋದರೆ ನಾಳೆ ಅವನ ಸರದಿಯೇ ಬರುವುದಿಲ್ಲವೇ? ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಎಂಬುದು ಎಷ್ಟು ನಿಜವೋ, ಅಡ್ಡ ಬಂದವನಿಗೂ ಒಂದು ಗುದ್ದು ಬೀಳುವುದು ಅಷ್ಟೇ ನಿಜ. ಮತ್ತೆ ಆ ಸಭೆಗೇ ಹೋಗೋಣ. ಅಲ್ಲಿ ಎದ್ದು ನಿಂತು ಇದು ಅಧರ್ಮವೆಂದವನು ವಿಕರ್ಣ, ದುರ್ಯೋಧನನ ಸ್ವಂತ ತಮ್ಮ. ಅವನ ಮಾತು ಕೇಳಿದೊಡನೆ ಸಭಿಕರು ಅವನನ್ನು ಹೊಗಳಿ, ಶಕುನಿಯನ್ನು ಹಳಿದು ಗದ್ದಲವೆಬ್ಬಿಸಿದರಂತೆ. ಎಂದರೆ ಅಷ್ಟು ಮಂದಿಯ ಮನಸ್ಸಿನಲ್ಲೂ ಅದೇ ಇತ್ತು. ಮೊದಲು ಬಾಯಿ ತೆರೆಯುವವರು ಇರಲಿಲ್ಲ. ಆದರೆ ಕರ್ಣನು ಎದ್ದು, ಹಿರಿಯರ ನಡುವೆ ನಿನ್ನದೇನು ಹುಡುಗಾಟದ ಮಾತು ಎಂದು ವಿಕರ್ಣನನ್ನು ಗದರಿಸಿಬಿಟ್ಟ. ಸಭೆ ಮತ್ತೆ ಮೂಕವಾಯಿತು. ಒಬ್ಬನ ಧೈರ್ಯ ವ್ಯರ್ಥವಾದದ್ದು ಅವನು ಚಿಕ್ಕವನೆಂದಲ್ಲ, ಎರಡನೆಯವನು ಏಳಲಿಲ್ಲವೆಂದು.

ಕೆನಡಾದ ಟೊರಾಂಟೊ ನಗರದ ಪ್ರಾಥಮಿಕ ಶಾಲೆಗಳ ಆಟದ ಮೈದಾನಗಳಲ್ಲಿ ಸಂಶೋಧಕರು ದೂರದಿಂದ ವಿಡಿಯೋ ಚಿತ್ರ ತೆಗೆದು ಇದನ್ನೇ ಪರೀಕ್ಷಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನೂರಕ್ಕೆ 88 ಪ್ರಸಂಗಗಳಲ್ಲಿ ಇತರ ಮಕ್ಕಳು ಹತ್ತಿರದಲ್ಲಿದ್ದರು. ಅವರಲ್ಲಿ ಯಾರಾದರೂ ಅಡ್ಡ ಬಂದದ್ದು ನೂರಕ್ಕೆ 19ರಲ್ಲಿ ಮಾತ್ರ. ಆದರೆ ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ನೂರಕ್ಕೆ 57ರಷ್ಟು, ಹತ್ತು ಸೆಕೆಂಡುಗಳೊಳಗೆ ಆ ಹಿಂಸೆ ನಿಂತುಹೋಯಿತು. ಹತ್ತು ಸೆಕೆಂಡು! ‘ಸಾಕು ಬಿಡೋ’ ಎಂಬ ಎರಡು ಪದಗಳಿಗೆ ಅಷ್ಟು ಶಕ್ತಿಯಿದೆಯೆಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗೆಂದು ಪ್ರತಿ ಮಗುವೂ ನಡುವೆ ನುಗ್ಗಬೇಕಾಗಿಲ್ಲ. ದೊಡ್ಡ ಹುಡುಗರು, ಕೈಯಲ್ಲಿ ಆಯುಧ ಇರುವವರು ಎದುರಿದ್ದರೆ ನುಗ್ಗಲೂ ಬಾರದು. ಮಾಡಬಹುದಾದ ಸಣ್ಣ ಕೆಲಸಗಳು ಬೇರೆ ಇವೆ. ನಗದಿರುವುದು ಒಂದು. ಅಲ್ಲಿಂದ ಎದ್ದು ಹೋಗಿ ಉಪಾಧ್ಯಾಯರನ್ನು ಕರೆತರುವುದು ಇನ್ನೊಂದು. ಎಲ್ಲ ಮುಗಿದ ಮೇಲೆ ನೊಂದವನ ಪಕ್ಕದಲ್ಲಿ ಹೋಗಿ ಕೂರುವುದು ಮತ್ತೊಂದು. ನನ್ನ ಪರಿಚಯದ ಕುಟುಂಬವೊಂದು ಧಾರವಾಡದ ಕಡೆಯಿಂದ ವರ್ಗವಾಗಿ ಇಲ್ಲಿಗೆ ಬಂದಿತ್ತು. ಹುಡುಗನನ್ನು ವರ್ಷದ ನಡುವೆ ಎಂಟನೆಯ ತರಗತಿಗೆ ಸೇರಿಸಿದರು. ತಮಿಳಿನಲ್ಲೊಂದು ಅಕ್ಷರವಿದೆಯಲ್ಲ, ಒಂದು ಕಾಲದಲ್ಲಿ ಹಳಗನ್ನಡದಲ್ಲೂ ಇದ್ದು ನಾವು ಕೈಬಿಟ್ಟ ‘ೞ’, ಅದು ಅವನ ನಾಲಿಗೆಗೆ ಒಗ್ಗಲಿಲ್ಲ. ದಿನಕ್ಕೆ ಹತ್ತು ಸಲ ಅವನಿಂದ ಅದೇ ಪದಗಳನ್ನು ಹೇಳಿಸಿ ನಗುವುದು ಒಂದು ಗುಂಪಿನ ಆಟವಾಯಿತು. ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಗೆ ಒಂದು ಹೆಸರು, ಹುಡುಗನಿಗೆ ಒಂದು ಹೆಸರು. ಎರಡು ತಿಂಗಳು ಅವನು ಊಟದ ಹೊತ್ತಿನಲ್ಲಿ ನೀರಿನ ನಲ್ಲಿಯ ಹಿಂದೆ ನಿಂತು ತಿಂದ. ಇದು ಬದಲಾದದ್ದು ಒಬ್ಬ ತಮಿಳು ಹುಡುಗನಿಂದ. ಅವನು ಯಾರಿಗೂ ಹೊಡೆಯಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಒಂದು ದಿನ ತನ್ನ ಡಬ್ಬಿ ಹಿಡಿದುಕೊಂಡು ನಲ್ಲಿಯ ಹಿಂದಕ್ಕೆ ಹೋಗಿ ಪಕ್ಕದಲ್ಲಿ ಕೂತ. ರೊಟ್ಟಿ ಮುರಿದು ತಿಂದ. ಮೂರನೆಯ ದಿನಕ್ಕೆ ಅಲ್ಲಿ ನಾಲ್ವರಿದ್ದರು. ಒಂಟಿಯಾಗಿದ್ದವನನ್ನು ಕಾಡುವುದು ಸುಲಭ. ನಾಲ್ವರೊಡನೆ ಉಣ್ಣುತ್ತಿರುವವನನ್ನು ಕಾಡುವುದು ಸುಲಭವಲ್ಲ.

ದೊಡ್ಡವರಿಗೆ ಹೇಳುವುದನ್ನು ಮಕ್ಕಳು ಚಾಡಿಯೆಂದು ತಿಳಿದಿದ್ದಾರೆ. ಚಾಡಿಕೋರನೆಂಬ ಹೆಸರು ಯಾವ ಹುಡುಗನಿಗೂ ಬೇಡ. ಈ ಎರಡರ ವ್ಯತ್ಯಾಸವನ್ನು ಮನೆಯಲ್ಲೇ ಬಿಡಿಸಿ ಹೇಳಬೇಕು. ಇನ್ನೊಬ್ಬನನ್ನು ತೊಂದರೆಗೆ ಸಿಕ್ಕಿಸಲು ಹೇಳಿದರೆ ಅದು ಚಾಡಿ. ಇನ್ನೊಬ್ಬನನ್ನು ತೊಂದರೆಯಿಂದ ಬಿಡಿಸಲು ಹೇಳಿದರೆ ಅದು ದೂರು. ಮೊದಲನೆಯದು ಸಣ್ಣತನ, ಎರಡನೆಯದು ಕರ್ತವ್ಯ. ಹತ್ತು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

ಆದರೆ ದೂರು ಹೇಳಿದ ಮೇಲೆ ಏನಾಗುತ್ತದೆ? ಇಲ್ಲಿಗೆ ವಿದುರನ ಲೆಕ್ಕದ ಅರ್ಧ ಪಾಲು ಬರುತ್ತದೆ. ನಾವು ಬದುಕುತ್ತಿರುವ ಈ ತಮಿಳುನಾಡಿನಲ್ಲೇ, ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ 2023ರ ಆಗಸ್ಟಿನಲ್ಲಿ ನಡೆದುದನ್ನು ಪತ್ರಿಕೆಗಳಲ್ಲಿ ಓದಿದವರು ಮರೆಯಲಾರರು. ಹನ್ನೆರಡನೆಯ ತರಗತಿಯ ಒಬ್ಬ ದಲಿತ ವಿದ್ಯಾರ್ಥಿ, ಶಾಲೆಯ ಹುಡುಗರ ಜಾತಿನಿಂದೆ ಮತ್ತು ಕಾಟ ತಾಳಲಾರದೆ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದ. ಏಕೆ ಬರುತ್ತಿಲ್ಲವೆಂದು ಶಾಲೆಯವರು ವಿಚಾರಿಸಿದಾಗ ವಿಷಯ ಹೊರಬಿತ್ತು. ಅದೇ ರಾತ್ರಿ ಹುಡುಗರು ಅವನ ಮನೆಗೆ ನುಗ್ಗಿ ಕುಡುಗೋಲಿನಿಂದ ಹಲ್ಲೆ ಮಾಡಿದರು. ಬಿಡಿಸಲು ಬಂದ ತಂಗಿಗೂ ಏಟು ಬಿತ್ತು. ಗಮನಿಸಿ: ಆ ಹುಡುಗ ‘ದೊಡ್ಡವರಿಗೆ ಹೇಳು’ ಎಂಬ ನಮ್ಮ ಉಪದೇಶವನ್ನು ಪಾಲಿಸಿದ್ದ. ಹೇಳಿದ ಮೇಲೆ ಅವನನ್ನು ಕಾಯುವ ವ್ಯವಸ್ಥೆ ಇರಲಿಲ್ಲ. ಅವನು ಬದುಕಿ ಉಳಿದು, ಮರುವರ್ಷದ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದುದು ಅವನ ದೊಡ್ಡತನ, ನಮ್ಮದಲ್ಲ.

ಆ ಘಟನೆಯ ನಂತರ ರಾಜ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ನೇಮಿಸಿತು. 2024ರ ಜೂನಿನಲ್ಲಿ ಬಂದ ಅವರ ವರದಿ, ಜಾತಿ ಸೂಚಿಸುವ ಬಣ್ಣದ ಮಣಿಕಟ್ಟು ದಾರಗಳನ್ನು ಶಾಲೆಯಲ್ಲಿ ನಿಷೇಧಿಸಬೇಕು, ಮಕ್ಕಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಕೂರಿಸಬೇಕು, ದೊಡ್ಡ ಪ್ರೌಢಶಾಲೆಗಳಲ್ಲಿ ಮಕ್ಕಳ ಕ್ಷೇಮಪಾಲನೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂಬಂಥ ಶಿಫಾರಸುಗಳನ್ನು ಮಾಡಿತು. ನೋಡಲು ಸಣ್ಣ ಸಣ್ಣ ಏರ್ಪಾಟುಗಳು. ಆದರೆ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ಸಣ್ಣ ವಿಷಯವಲ್ಲ. ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ತರಗತಿಯಲ್ಲಿ ಬೇರೆಯಾಗಿ ಕೂರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದೆ ನೀರು ಕುಡಿಯುವಂತಿರಲಿಲ್ಲ. ಅಲ್ಲಿ ಕಾಡುತ್ತಿದ್ದುದು ಸಹಪಾಠಿಗಳಲ್ಲ, ಶಾಲೆಯ ನಿಯಮ. ಹಿರಿಯರು ಗೆರೆ ಎಳೆದು ಕೊಟ್ಟ ಮೇಲೆ ಕಿರಿಯರು ಅದರ ಮೇಲೆ ನಡೆಯುತ್ತಾರೆ. ಅರ್ಧ ಪಾಲು ಹಿರಿಯರದೆಂದು ಸುಮ್ಮನೆ ಹೇಳಿದ್ದಲ್ಲ.

ನಮ್ಮ ಕಚೇರಿಗಳನ್ನು ಜನ ಎಷ್ಟೇ ಬೈಯಲಿ, ಅಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಯಾವ ಅರ್ಜಿ ಬಂದರೂ ಆವಕ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು, ತಾರೀಖು ಬೀಳುತ್ತದೆ. ಯಾರ ಮೇಜಿಗೆ ಹೋಯಿತು, ಏನು ಕ್ರಮವಾಯಿತು ಎಂದು ಕೇಳಿದವರಿಗೆ ಉತ್ತರ ಕೊಡಬೇಕು. ಮಗುವಿನ ದೂರಿಗೆ ಅಂಥ ನಂಬರು ಇರುವುದಿಲ್ಲ. ‘ಆಯ್ತು, ಹೋಗು, ನೋಡೋಣ’ ಎಂದರೆ ಅದರ ವಿಲೇವಾರಿ ಮುಗಿಯಿತು. ಇಲ್ಲವೇ ಇಬ್ಬರನ್ನೂ ಎದುರೆದುರು ನಿಲ್ಲಿಸಿ ‘ಕೈ ಕುಲುಕಿ’ ಎನ್ನುತ್ತಾರೆ. ಸಮಬಲರ ಜಗಳಕ್ಕೆ ಅದು ಸರಿಯಾದ ಮದ್ದು; ಬೆಕ್ಕು ಇಲಿಗಳಿಗೆ ಅಲ್ಲ. ದೂರು ಕೊಟ್ಟವನ ಹೆಸರು ಗುಟ್ಟಾಗಿರಬೇಕು. ಕೊಟ್ಟ ದಿನದಿಂದ ಅವನು ಶಾಲೆಗೆ ಬರುವ ದಾರಿ, ಹೋಗುವ ದಾರಿ ಎರಡರ ಮೇಲೂ ಕಣ್ಣಿರಬೇಕು. ಒಂದು ವಾರದ ನಂತರ, ಒಂದು ತಿಂಗಳ ನಂತರ ಕರೆದು ‘ಈಗ ಹೇಗಿದೆ ಮರಿ?’ ಎಂದು ಕೇಳಬೇಕು.

ಇದು ಬರಿಯ ಆಸೆಯಲ್ಲ, ಮಾಡಿ ತೋರಿಸಿದವರಿದ್ದಾರೆ. ನಾರ್ವೆಯಲ್ಲಿ 1982ರ ಕೊನೆಯಲ್ಲಿ ಸಹಪಾಠಿಗಳ ಕಾಟದ ದೆಸೆಯಿಂದಲೇ ಇರಬೇಕೆಂದು ತಿಳಿಯಲಾದ ಮೂವರು ಬಾಲಕರ ಸಾವು ದೇಶವನ್ನೇ ಅಲುಗಾಡಿಸಿತು. 1983ರಲ್ಲಿ ಸರ್ಕಾರ ದೇಶವ್ಯಾಪಿ ಆಂದೋಲನ ಆರಂಭಿಸಿತು. ಬರ್ಗೆನ್ ನಗರದ ಶಾಲೆಗಳಲ್ಲಿ ಓಲ್ವೇಯುಸ್ ಅವರು ರೂಪಿಸಿದ ಕ್ರಮಗಳೇನೂ ಇಂದ್ರಜಾಲವಲ್ಲ: ವಿರಾಮದ ವೇಳೆಯಲ್ಲಿ ದೊಡ್ಡವರು ಮೈದಾನದಲ್ಲಿರುವುದು, ತರಗತಿಯಲ್ಲಿ ಸ್ಪಷ್ಟವಾದ ನಿಯಮಗಳು, ವಾರಕ್ಕೊಮ್ಮೆ ಅದರ ಬಗ್ಗೆ ಮಾತು, ತಂದೆತಾಯಿಗಳ ಸಭೆ. ಎರಡು ವರ್ಷಗಳಲ್ಲಿ ಹಾವಳಿ ಸುಮಾರು ಅರ್ಧಕ್ಕೆ ಇಳಿಯಿತೆಂದು ಅವರು ವರದಿ ಮಾಡಿದರು. ಬೇರೆ ಕಡೆಗಳಲ್ಲಿ ಫಲ ಅಷ್ಟು ದೊಡ್ಡದಾಗಿಲ್ಲ. ಅನೇಕ ದೇಶಗಳ ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಸರಾಸರಿ ಐದನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆಂದು ಹೇಳಿತು. ಐದರಲ್ಲಿ ಒಂದು ಮಗುವಿನ ಕಣ್ಣೀರು ನಿಂತರೂ ಅದೇನು ಕಡಿಮೆಯೇ? ಫಿನ್ಲೆಂಡಿನಲ್ಲಿ 2009ರಿಂದ ದೇಶದಾದ್ಯಂತ ಹರಡಿದ ‘ಕಿವಾ’ ಎಂಬ ಕಾರ್ಯಕ್ರಮವಂತೂ ಮುಖ್ಯವಾಗಿ ನೋಡುತ್ತಾ ನಿಂತ ಮಕ್ಕಳನ್ನೇ ಎಚ್ಚರಿಸಲು ರೂಪಿಸಿದ್ದು.

ನಮ್ಮಲ್ಲೂ ಕಾಯಿದೆಗಳಿಗೆ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಶಾಲೆಗಳು ಇಂಥ ಪೀಡನೆಯನ್ನು ತಡೆಯಲು ಸಮಿತಿ ರಚಿಸಬೇಕೆಂದು ಸಿ.ಬಿ.ಎಸ್.ಇ. ಮಂಡಳಿ 2015ರಲ್ಲೇ ತಿಳಿಸಿದೆ. 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಕಾಗದದ ಮೇಲಿರುವ ಸಮಿತಿಯನ್ನು ಕುರ್ಚಿಯ ಮೇಲೆ ಕೂರಿಸುವುದು ಮಾತ್ರ ಬಾಕಿ. ಪಾಲಕರ ಸಭೆಯಲ್ಲಿ ಗಣಿತದ ಅಂಕ ಕೇಳುವ ನಾವು, ‘ನಿಮ್ಮ ಆ ಸಮಿತಿಯಲ್ಲಿ ಯಾರಿದ್ದಾರೆ? ಕಳೆದ ಸಲ ಯಾವಾಗ ಸೇರಿತ್ತು?’ ಎಂದು ಕೇಳಿದರೆ ಅರ್ಧ ಕೆಲಸವಾದಂತೆ.

ಉಳಿದದ್ದು ಮಾಡಿದವನ ಕಾಲು ಪಾಲು. ಶಾಲೆಯಿಂದ ಹೊರಗೆ ಹಾಕಿ, ಪೀಡೆ ಹೋಗಲಿ ಎನ್ನುವುದು ಸುಲಭ. ಆದರೆ ಅವನೂ ಹದಿಮೂರು ಹದಿನೈದರ ಮಗುವೇ. ಹೊರಗೆ ಹಾಕಿದರೆ ಬೇರೆ ಶಾಲೆಗೆ, ಇಲ್ಲವೇ ಬೀದಿಗೆ ಹೋಗುತ್ತಾನೆ; ಅಲ್ಲಿನ ಮಕ್ಕಳ ಪಾಡೇನು? ಹಾಗೆಂದು ‘ಹುಡುಗುಬುದ್ಧಿ’ ಎಂದು ತಳ್ಳಿಹಾಕುವುದೂ ನೊಂದವನಿಗೆ ಮಾಡುವ ಎರಡನೆಯ ಅನ್ಯಾಯ. ಮಾಡಿದ್ದನ್ನು ಒಪ್ಪಿಸಬೇಕು, ಕಸಿದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ್ದನ್ನು ಸರಿಪಡಿಸಬೇಕು, ಮತ್ತೆ ಮಾಡದಂತೆ ಕಾಯಬೇಕು. ಶಿಕ್ಷೆ ಅವನನ್ನು ಅವಮಾನಿಸಿದರೆ, ಅವಮಾನಿಸುವುದು ಬಲಶಾಲಿಗಳ ಹಕ್ಕೆಂಬ ಅವನ ನಂಬಿಕೆಯನ್ನೇ ನಾವು ಗಟ್ಟಿ ಮಾಡಿದಂತೆ. ಬೆತ್ತ ಹಿಡಿದು ‘ಇನ್ನೊಬ್ಬರಿಗೆ ಹೊಡೆಯಬೇಡ’ ಎಂದರೆ ಮಗು ಕಲಿಯುವುದು ಮಾತನ್ನಲ್ಲ, ಬೆತ್ತವನ್ನು.

‘ನಿನಗೆ ಹೊಡೆದರೆ ನೀನೂ ಎರಡು ಬಾರಿಸಿ ಬಾ’ ಎನ್ನುವ ತಂದೆಯರು ನಮ್ಮಲ್ಲಿ ಬಹಳ. ಹೊಡೆಯುವ ಶಕ್ತಿ ಇದ್ದಿದ್ದರೆ ಅವನನ್ನು ಆರಿಸಿಕೊಳ್ಳುತ್ತಲೇ ಇರಲಿಲ್ಲ. ಆ ಉಪದೇಶ ಕೇಳಿದ ಮಗುವಿಗೆ ಶಾಲೆಯಲ್ಲಿ ಸೋತದ್ದಲ್ಲದೆ, ಮನೆಯಲ್ಲಿ ಅಪ್ಪನ ಮುಂದೆಯೂ ಸೋತಂತಾಗುತ್ತದೆ. ಮುಂದಿನ ಸಲ ಅದು ಹೇಳುವುದೇ ಇಲ್ಲ. ಹೊಟ್ಟೆನೋವೆನ್ನುತ್ತದೆ, ಪುಸ್ತಕ ಕಳೆಯಿತೆನ್ನುತ್ತದೆ, ಶಾಲೆಗೆ ಹೋಗಲು ಸುತ್ತು ದಾರಿ ಹಿಡಿಯುತ್ತದೆ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ದೌರ್ಬಲ್ಯವಿದೆ. ‘ನಾವು ಪರಸ್ಥಳದವರು, ನಮಗೇಕೆ ಗಲಾಟೆ, ಹೊಂದಿಕೊಂಡು ಹೋಗು ಮಗು’ ಎಂಬುದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು. ಹೊಂದಿಕೊಳ್ಳುವುದು ದೊಡ್ಡ ಗುಣ. ಅದರಿಂದಲೇ ನಾವು ಇಲ್ಲಿ ನೆಲೆ ನಿಂತಿದ್ದೇವೆ. ಆದರೆ ಊರಿನ ಭಾಷೆ, ಊಟ, ಹವೆಗಳಿಗೆ ಹೊಂದಿಕೊಳ್ಳುವುದು ಬೇರೆ, ಅನ್ಯಾಯಕ್ಕೆ ಹೊಂದಿಕೊಳ್ಳುವುದು ಬೇರೆ. ಎರಡನ್ನೂ ಒಂದೇ ಪದದಲ್ಲಿ ಕಲಿಸಿದರೆ ಮಗು ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಅದೇ ಮಗು ನಾಳೆ, ತನಗಿಂತ ಬಡಪಾಯಿಯನ್ನು ಯಾರೋ ಕಾಡುವಾಗ ‘ನಮಗೇಕೆ’ ಎಂದು ಸರಿದು ಹೋಗುತ್ತದೆ.

ಕಾಡುವ ಹುಡುಗ ಯಾವಾಗಲೂ ಬೇರೆಯವರ ಮನೆಯವನೆಂದು ತಿಳಿಯುವುದೂ ಸಲ್ಲದು. ನಾವು ಪಕ್ಕದ ರಾಜ್ಯದವರ ಉಚ್ಚಾರಣೆಯನ್ನು ಅಣಕಿಸಿ ನಗುವುದನ್ನು, ಕೆಲಸದವರನ್ನು ಏಕವಚನದಲ್ಲಿ ಗದರುವುದನ್ನು, ಒಬ್ಬರ ಬಣ್ಣವನ್ನೋ ಜಾತಿಯನ್ನೋ ಎತ್ತಿ ಪಿಸುಗುಡುವುದನ್ನು ಮಕ್ಕಳು ಹಾಲ್‌ನಲ್ಲಿ ಕೂತು ಕೇಳುತ್ತಿರುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತೇವೆ. ಗಿಡ ಯಾವ ಕಡೆಗೆ ಬಗ್ಗುತ್ತಿದೆ ಎಂಬುದನ್ನೂ ನೋಡಬೇಕಲ್ಲವೇ? ಶಾಲೆಯಿಂದ ಮಗನ ಮೇಲೆ ದೂರು ಬಂದರೆ ‘ನಮ್ಮವನು ಅಂಥವನಲ್ಲ’ ಎಂದು ಮೊದಲೇ ತೀರ್ಪು ಕೊಡದೆ, ಕುಳಿತು ಪೂರ್ತಿ ಕೇಳುವ ತಾಳ್ಮೆ ನಮಗೆ ಬೇಕು. ಅದು ಮಗನ ಮೇಲಿನ ಪ್ರೀತಿಗೆ ವಿರುದ್ಧವಲ್ಲ; ಅದೇ ಪ್ರೀತಿ.

ನಮ್ಮ ಸಂಘವೂ ಒಂದು ಸಣ್ಣ ಸಭೆಯೇ. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಬೇರೆ ಬೇರೆ ಶಾಲೆಗಳವರು. ಅಲ್ಲಿ ಪಾಠ ಹೇಳುವ ಅಕ್ಕಂದಿರು, ಅಣ್ಣಂದಿರು ಆ ಶಾಲೆಗಳವರಲ್ಲ. ಆದ್ದರಿಂದ ಅವರೊಡನೆ ಮನಸ್ಸು ಬಿಚ್ಚುವುದು ಮಕ್ಕಳಿಗೆ ಸುಲಭ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಪುಸ್ತಕ ಮುಚ್ಚಿಟ್ಟು ‘ಶಾಲೆ ಹೇಗಿದೆ?’ ಎಂದು ಕೇಳುವ ಏರ್ಪಾಟು ಮಾಡಬಹುದು. ಹೊಸದಾಗಿ ವರ್ಗವಾಗಿ ಬಂದ ಕುಟುಂಬದ ಮಗುವಿಗೆ, ಅದೇ ಶಾಲೆಯ ದೊಡ್ಡ ತರಗತಿಯ ಕನ್ನಡದ ಹುಡುಗನನ್ನೋ ಹುಡುಗಿಯನ್ನೋ ಜೊತೆ ಮಾಡಿಕೊಡಬಹುದು. ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರೊಡನೆ ಮಾತಾಡಲು ಭಾಷೆ ಬಾರದೆ ಹಿಂಜರಿಯುವ ತಾಯಂದಿರ ಜೊತೆ, ತಮಿಳು ಬಲ್ಲ ಒಬ್ಬ ಸದಸ್ಯರು ಹೋಗಿ ಬರಬಹುದು. ಇವಕ್ಕೆ ಚಂದಾ ಎತ್ತಬೇಕಾಗಿಲ್ಲ.

ವಿದುರ ಹೇಳಿದ ಲೆಕ್ಕಕ್ಕೆ ಇನ್ನೊಂದು ಸಾಲಿದೆ. ಅದನ್ನು ಹೇಳದಿದ್ದರೆ ಲೆಕ್ಕ ಅಪೂರ್ಣ. ಖಂಡಿಸಬೇಕಾದದ್ದನ್ನು ಸಭೆ ಖಂಡಿಸಿದರೆ, ಹಿರಿಯನ ಅರ್ಧವೂ ಸಭಿಕರ ಕಾಲೂ ಕಳೆದುಹೋಗುತ್ತವೆ. ಪಾಪ ಮಾಡಿದವನೊಬ್ಬನಲ್ಲೇ ನಿಲ್ಲುತ್ತದೆ. ಮಕ್ಕಳ ವಿಷಯದಲ್ಲಿ ಇದಕ್ಕೆ ಒಂದು ಮಾತು ಸೇರಿಸಬೇಕೆಂದು ನನಗೆ ತೋರುತ್ತದೆ. ಸಭೆ ಸಕಾಲದಲ್ಲಿ ಬಾಯಿ ತೆರೆದರೆ ಆ ಒಬ್ಬ ಹುಡುಗನೂ ಉಳಿಯುತ್ತಾನೆ. ಏಕೆಂದರೆ ಮಾಡುವ ಮೊದಲೇ ಅವನ ಕೈ ಹಿಡಿದವರು ನಾಲ್ಕು ಜನ ಇದ್ದಂತಾಯಿತು.